ಇಸ್ತ್ರಿ ಪೆಟ್ಟಿಗೆ ಯಾವ ಮುಚ್ಚಳಕ್ಕೆ?

ಆ ಮಗೂನ ವಾಪಸ್ ಅದೇ ಮನೆಗೆ ಕಳಿಸಿದ್ರು. ಕಳಿಸಿದ್ದು ಮಕ್ಕಳ ರಕ್ಷಣೆ ಕಚೇರಿಯವರು, ಕಾಗದಕ್ಕೆ ಸಹಿ ಹಾಕಿದ್ದೂ ಅವರೇ. ಆದ್ರೆ ಕಳಿಸೋ ಹಾಗೆ ಮಾಡಿದ್ದು ನಾನು. ನಮ್ಮ ಆಯಾ ಹೇಳ್ತಾಳೆ, "ಟೀಚರ್, ನಿಮ್ಮದೇನಿದೆ ತಪ್ಪು? ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಾ?" ಅಂತ. ಪಾಪ, ಒಳ್ಳೆ ಹೆಂಗಸು. ಆದ್ರೆ ನಾನು ಇಪ್ಪತ್ತಾರು ವರ್ಷ ಬೇರೆಯವರ ಮಕ್ಕಳ ತಪ್ಪು ತಿದ್ದಿಕೊಂಡೇ ಅನ್ನ ತಿಂದವಳು. ಯಾವ ತಪ್ಪು ಯಾರದು ಅಂತ ನಂಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮದು ಒಂದೇ ಕೋಣೆಯ ಶಿಶುವಿಹಾರ. ಕೆಳಗಡೆ ಚಪ್ಪಲಿ ಅಂಗಡಿ, ಮೇಲೆ ನಾವು. ಇಪ್ಪತ್ತೆರಡು ಮಕ್ಕಳು, ಮೂರರಿಂದ ಐದು ವರ್ಷದವರು. ಎರಡು ಕಿಟಕಿ, ಒಂದು ಚಾಪೆ, ನೀರಿನ ಡ್ರಮ್ಮು, ಗೋಡೆಗೆ ಮಕ್ಕಳ ಎತ್ತರಕ್ಕೆ ಹೊಡೆದ ಮೊಳೆಗಳಲ್ಲಿ ಇಪ್ಪತ್ತೆರಡು ಚೀಲ. ಮಿಕ್ಕಿದ್ದೆಲ್ಲ ನನ್ನ ಗಂಟಲು.

ನನ್ನ ಜಂಭ ಏನಿದ್ರೂ ಚಿತ್ರದ ಕಾರ್ಡುಗಳ ಮೇಲೆ. ಅರವತ್ತು ಕಾರ್ಡು. ಹಳೇ ಪತ್ರಿಕೆ, ಕ್ಯಾಲೆಂಡರು, ಸೋಪಿನ ಪೊಟ್ಟಣ, ಎಲ್ಲಿ ಚಿತ್ರ ಕಂಡ್ರೂ ಬಿಡ್ತಾ ಇರಲಿಲ್ಲ. ಕತ್ತರಿಸಿ, ರಟ್ಟಿಗೆ ಅಂಟಿಸಿ, ಮಕ್ಕಳ ಜೊಲ್ಲು ತಾಗದ ಹಾಗೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಸುತ್ತಿ ಇಟ್ಟಿದ್ದೆ. ಕೆಳಗಿನ ಅಂಗಡಿಯಿಂದ ಬೂಟಿನ ಡಬ್ಬದ ಮುಚ್ಚಳ ನಾಲ್ಕು ತಂದು ಬಣ್ಣದ ಕಾಗದ ಹಚ್ಚಿದ್ದೆ. ಕೆಂಪು ಮುಚ್ಚಳ ಪ್ರಾಣಿಗಳಿಗೆ, ನೀಲಿ ವಾಹನಗಳಿಗೆ, ಹಳದಿ ಬಟ್ಟೆಗಳಿಗೆ, ಹಸಿರು ಮನೆ ಸಾಮಾನಿಗೆ. ಮಕ್ಕಳು ಸುತ್ತ ಕೂರಬೇಕು, ಒಬ್ಬೊಬ್ಬರಾಗಿ ಕಾರ್ಡು ಎತ್ತಿ, ಹೆಸರು ಹೇಳಿ, ಸರಿಯಾದ ಮುಚ್ಚಳಕ್ಕೆ ಹಾಕಬೇಕು. ಸರಿ ಇದ್ರೆ ಎಲ್ಲರೂ ಚಪ್ಪಾಳೆ. ತಪ್ಪಿದ್ರೆ ನಾನು ತಲೆ ಅಲ್ಲಾಡಿಸಿ "ಊಹೂಂ" ಅಂತೀನಿ, ಮಿಕ್ಕ ಇಪ್ಪತ್ತೊಂದು ಮಕ್ಕಳೂ ಸೇರಿ "ಊಹೂಂ" ಅಂತಾವೆ. ಅದರಷ್ಟು ಬೇಗ ಕಲಿಸೋ ಉಪಾಯ ಇನ್ನೊಂದಿಲ್ಲ ಅಂತ ನಾನೇ ಎಷ್ಟೋ ಹೊಸ ಟೀಚರುಗಳಿಗೆ ಹೇಳಿದ್ದೀನಿ.

ವರ್ಷಕ್ಕೆರಡು ಸಲ ಮೇಲ್ವಿಚಾರಕಿ ಒಂದು ಫಾರಂ ಹಿಡ್ಕೊಂಡು ಬರ್ತಾರೆ. 'ಮಗು ಚಿತ್ರಗಳನ್ನು ವರ್ಗಕ್ಕೆ ತಕ್ಕಂತೆ ವಿಂಗಡಿಸುತ್ತದೆಯೇ? ಹೌದು, ಇಲ್ಲ.' ನನ್ನ ಕ್ಲಾಸಲ್ಲಿ ಹನ್ನೊಂದು ವರ್ಷದಿಂದ ಒಂದೇ ಒಂದು 'ಇಲ್ಲ' ಬಿದ್ದಿರಲಿಲ್ಲ.

ಆಗ ಬಂದ್ಲು ಸಾಸಿವೆ. ಹೆಸರು ಬೇರೆ ಇತ್ತು, ಆದ್ರೆ ನಾನು ಎಲ್ಲಾ ಮಕ್ಕಳಿಗೂ ಒಂದೊಂದು ಅಡ್ಡಹೆಸರು ಇಡ್ತೀನಿ. ನಾಲ್ಕು ತುಂಬಿದ್ರೂ ಮೂರರ ಮಗೂ ಥರ ಇದ್ದಿದ್ದಕ್ಕೆ ಇವಳು ಸಾಸಿವೆ ಆದ್ಲು. ತಾಯಿ ತೀರಿಕೊಂಡಿದ್ಲು. ಅಪ್ಪ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಂದು ಸಲ ಬಂದು ಮುಖ ತೋರಿಸಿ ಹೋಗ್ತಾನೆ. ಸಾಕ್ತಾ ಇದ್ದಿದ್ದು ಅಪ್ಪನ ಅಕ್ಕ, ನಮ್ಮ ಬೀದಿಯ ಟೈಲರಮ್ಮ.

ಟೈಲರಮ್ಮ ನಂಗೆ ಹೊಸಬಳೇನಲ್ಲ. ನನ್ನ ಬಟ್ಟೆ ಹೊಲಿಯೋದು ಅವಳೇ, ಶಿಶುವಿಹಾರದ ಪರದೆ ಹೊಲಿದುಕೊಟ್ಟಿದ್ದೂ ಅವಳೇ. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರಲ್ಲ. ಕೆಲಸಕ್ಕೆ ಬಂದ ಹುಡುಗಿಯರು ಒಂದು ಹೊಲಿಗೆ ತಪ್ಪಿದ್ರೆ ಇಡೀ ಬಟ್ಟೆ ಬಿಚ್ಚಿಸ್ತಾ ಇದ್ಲು. ನೋಡಿ, ಮೊದಲೆಲ್ಲ ಅವಳನ್ನ 'ಅವರು, ಇವರು' ಅಂತಲೇ ಹೇಳ್ತಾ ಇದ್ದೆ. ಈಗ ನಾಲಿಗೆ ಹೊರಳಲ್ಲ.

"ನಮ್ಮ ಮಗು ಮಾತಾಡಲ್ಲ ಟೀಚರ್, ಸ್ವಲ್ಪ ಮಂದ. ಗದರಿ ಕಲಿಸಿ, ಪರವಾಗಿಲ್ಲ" ಅಂದ್ಲು ಮೊದಲ ದಿನ.

"ಬಿಡಿ ಅಮ್ಮ, ಇಂಥವರನ್ನ ಎಷ್ಟು ಜನ ನೋಡಿಲ್ಲ ನಾನು" ಅಂದೆ. ಬೇಕಿತ್ತಾ ನಂಗೆ ಆ ಮಾತು?

ಎರಡನೇ ವಾರ ಕಾರ್ಡಿನ ಆಟಕ್ಕೆ ಸಾಸಿವೆ ಕೂತ್ಲು. ಹೊಸ ಮಕ್ಕಳಿಗೆ ಮೊದಲ ಸಲ ಹತ್ತು ಕಾರ್ಡು ಒಟ್ಟಿಗೆ ಕೊಟ್ಟು, ತಾವೇ ಹೇಗೆ ಜೋಡಿಸ್ತಾವೆ ಅಂತ ನೋಡೋದು ನನ್ನ ಪದ್ಧತಿ. ನಾಯಿ, ಬಸ್ಸು, ಸೈಕಲ್ಲು, ಹಸು, ಫ್ರಾಕು, ಇಸ್ತ್ರಿ ಪೆಟ್ಟಿಗೆ, ಸೌಟು, ಮರದ ಸ್ಕೇಲು, ಚಪ್ಪಲಿ, ಲೋಟ. ಅವಳು ಒಂದೊಂದನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ್ಲು. ಆಮೇಲೆ ಇಸ್ತ್ರಿ ಪೆಟ್ಟಿಗೆ, ಸೌಟು, ಸ್ಕೇಲು, ಚಪ್ಪಲಿ, ಈ ನಾಲ್ಕನ್ನೂ ಒಂದೇ ಮುಚ್ಚಳಕ್ಕೆ ಹಾಕಿ, ಆ ಮುಚ್ಚಳಾನ ಎರಡೂ ಕೈಯಲ್ಲಿ ದೂರ ತಳ್ಳಿದ್ಲು. ಮಿಕ್ಕಿದ್ದನ್ನೆಲ್ಲ ಮಡಿಲಲ್ಲಿ ಹಾಕ್ಕೊಂಡ್ಲು.

"ಏನೇ ಇದು ಸಾಸಿವೆ? ಇವು ನಾಲ್ಕೂ ಯಾಕೆ ಒಟ್ಟಿಗೆ?"

ಅವಳು ಕಾರ್ಡುಗಳ ಕಡೆ ಬೆರಳು ತೋರಿಸಿ, ಕೇಳಿಸಿಯೂ ಕೇಳಿಸದ ಹಾಗೆ "ಉರಿ" ಅಂದ್ಲು.

ಅಯ್ಯೋ ದೇವರೇ, ಅಷ್ಟು ಹೇಳಿತ್ತು ಆ ಮಗು. ಇನ್ನೆಷ್ಟು ಹೇಳಬೇಕಿತ್ತು? ಆದ್ರೆ ನನ್ನ ತಲೇಲಿ ಓಡಿದ್ದು ಪಾಠ. ಓಹೋ, ಬಿಸಿ ವಸ್ತು, ತಣ್ಣನೆ ವಸ್ತು ಅಂತ ವಿಂಗಡಿಸ್ತಾ ಇದ್ದಾಳೆ, ಬುದ್ಧಿ ಇದೆ, ಆದ್ರೆ ಎಲ್ಲೋ ದಾರಿ ತಪ್ಪಿದ್ದಾಳೆ ಅಂದುಕೊಂಡೆ.

"ಇಸ್ತ್ರಿ ಪೆಟ್ಟಿಗೆ ಉರಿ, ಒಪ್ಪಿದೆ. ಸೌಟೂ ಒಲೆ ಹತ್ರ ಇರುತ್ತೆ, ಅದೂ ಆಯ್ತು. ಸ್ಕೇಲ್ ಎಲ್ಲಾದ್ರೂ ಉರಿಯುತ್ತೇನೇ? ಚಪ್ಪಲಿ ಉರಿಯುತ್ತಾ?" ಅಂತ ನಕ್ಕೆ. ಮಕ್ಕಳೂ ನಕ್ಕವು. ನಾನು ತಲೆ ಅಲ್ಲಾಡಿಸಿ "ಊಹೂಂ" ಅಂದೆ. ಎಲ್ಲರೂ "ಊಹೂಂ" ಅಂದ್ರು. ಅವಳ ಕೈ ಹಿಡಿದು ಚಪ್ಪಲಿಯನ್ನ ಹಳದಿ ಮುಚ್ಚಳಕ್ಕೆ, ಮಿಕ್ಕ ಮೂರನ್ನ ಹಸಿರು ಮುಚ್ಚಳಕ್ಕೆ ಹಾಕಿಸಿದೆ.

ಅದೇ ವಾರ ನಮ್ಮ ಲಾಯರಮ್ಮ, ಐದು ವರ್ಷದ ಬಜಾರಿ, ಕೋಳಿಮೊಟ್ಟೇನ ಪ್ರಾಣಿ ಮುಚ್ಚಳಕ್ಕೆ ಹಾಕಿ ನನ್ನ ಜೊತೆ ಜಗಳಕ್ಕೇ ನಿಂತ್ಲು. "ಮೊಟ್ಟೆ ಪ್ರಾಣೀನೇ ಟೀಚರ್. ಒಳಗಡೆ ಮಲಗಿದೆ, ಇನ್ನೂ ಎದ್ದಿಲ್ಲ ಅಷ್ಟೆ." ನಂಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು. ಸರಿ ಕಣೇ ಅಂತ ಬಿಟ್ಟುಕೊಟ್ಟೆ. ಮನೆಗೆ ಹೋಗಿ ನನ್ನ ತಂಗಿಗೂ ಹೇಳಿ ನಗಿಸಿದೆ. ಬಾಯಿದ್ದವಳ ಮಾತಿಗೆ ಕಿವಿ ಕೊಟ್ಟೆ. ಬಾಯಿಲ್ಲದ್ದು ಒಂದೇ ಒಂದು ಮಾತು ಆಡಿದ್ರೆ ತಿದ್ದಿ ಕೂರಿಸಿದೆ.

ಸಾಸಿವೆ ಮಾತ್ರ ಬಗ್ಗಲಿಲ್ಲ. ಮಾರನೇ ದಿನವೂ ಅದೇ ನಾಲ್ಕು ಕಾರ್ಡು ಒಂದೇ ಕಡೆ, ಅದರ ಮಾರನೇ ದಿನವೂ ಅಷ್ಟೇ. ಮೇಲ್ವಿಚಾರಕಿ ಬರೋಕೆ ಐದು ವಾರ ಇತ್ತು. ಹನ್ನೊಂದು ವರ್ಷದ ನನ್ನ ಮರ್ಯಾದೆ ಈ ಚೋಟುದ್ದದ ಹುಡುಗಿ ಕೈಯಲ್ಲಿ ಹೋಗುತ್ತಲ್ಲ ಅಂತ ನಂಗೆ ರೇಗಿಹೋಗಿತ್ತು. ಮೂಗಿನ ತುದೀಲೇ ಕೋಪ ನಂದು, ಎಲ್ಲರಿಗೂ ಗೊತ್ತು. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ವಿಂಗಡಣೆ ಬರುವುದಿಲ್ಲ' ಅಂತ ಬರೆದೆ. ಯಾವ ಕಾರ್ಡು ಎಲ್ಲಿಟ್ಟಳು ಅಂತ ಬರೀಲಿಲ್ಲ. ತಪ್ಪು ಅಂದ್ಮೇಲೆ ತಪ್ಪು, ಅದರ ವಿವರ ಯಾರಿಗೆ ಬೇಕು?

ಸಂಜೆ ಟೈಲರಮ್ಮ ಕರ್ಕೊಂಡು ಹೋಗೋಕೆ ಬಂದಾಗ ಮೆಟ್ಟಿಲ ಮೇಲೆ ನಿಂತು ಹೇಳಿದೆ. "ಇವತ್ತೂ ತಪ್ಪು ಮಾಡಿದ್ಲು ನೋಡಿ. ಮನೇಲೂ ಒಂಚೂರು ಕೂರಿಸಿ ಹೇಳಿಕೊಡಿ."

"ಎಷ್ಟು ತಪ್ಪು ಮಾಡಿದ್ಲು ಟೀಚರ್?" ಅಂತ ಕೇಳಿದ್ಲು ಟೈಲರಮ್ಮ.

"ನಾಲ್ಕು" ಅಂದೆ.

"ಹೇಳಿಕೊಡ್ತೀನಿ ಬಿಡಿ" ಅಂದ್ಲು, ನಗ್ತಾ. ಕಾರ್ಡುಗಳ ಒಂದು ಕಟ್ಟನ್ನೂ ಮನೆಗೆ ಕೊಟ್ಟು ಕಳಿಸಿದೆ. ಯಾರಿಗೂ ಕೊಡದವಳು ಅವಳಿಗೆ ಕೊಟ್ಟೆ. ಆಮೇಲೆ ದಿನಾ ಅದೇ. ಅವಳು ಕೇಳೋದು, ನಾನು ಹೇಳೋದು. ಇವತ್ತು ಮೂರು, ಇವತ್ತು ನಾಲ್ಕು, ಇವತ್ತು ಎರಡೇ ಎರಡು.

ಮೂರು ವಾರಕ್ಕೆ ಸಾಸಿವೆ ಕಲಿತುಬಿಟ್ಲು. ಕಲಿತಿದ್ದು ಅಂದ್ರೆ ಹೇಗೆ! ಕಾರ್ಡು ಕೈಗೆ ಬಿದ್ದ ತಕ್ಷಣ ಮುಚ್ಚಳಕ್ಕೆ. ಯೋಚನೆ ಇಲ್ಲ, ತಡವರಿಕೆ ಇಲ್ಲ. ಇಸ್ತ್ರಿ ಪೆಟ್ಟಿಗೆ ಹಸಿರಿಗೆ, ಸ್ಕೇಲು ಹಸಿರಿಗೆ, ಚಪ್ಪಲಿ ಹಳದಿಗೆ. ಕಾರ್ಡಿನ ಮುಖಾನೂ ಪೂರ್ತಿ ನೋಡ್ತಾ ಇರಲಿಲ್ಲ. ಮಕ್ಕಳೆಲ್ಲ ಚಪ್ಪಾಳೆ ಹೊಡೆದ್ರೆ ಮಾತ್ರ ಬೆಚ್ಚಿಬೀಳ್ತಾ ಇದ್ಲು. ಮೇಲ್ವಿಚಾರಕಿ ಬಂದವರು ಅವಳನ್ನ ನೋಡಿ, "ಇಷ್ಟು ಚೂಟಿ ಮಗು ಈ ಸಲ ಯಾವ ಕೇಂದ್ರದಲ್ಲೂ ನೋಡಲಿಲ್ಲ" ಅಂದ್ರು. ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ರಿಜಿಸ್ಟರಿನಲ್ಲಿ ನನ್ನ ಕೈಯಾರೆ ಬರೆದೆ: 'ವಿಂಗಡಣೆ ಪೂರ್ತಿ ಬರುತ್ತದೆ. ಮನೆಯವರ ಸಹಕಾರ ಚೆನ್ನಾಗಿದೆ. ಮಗು ಸಂತೋಷವಾಗಿದೆ.'

ಅದಾಗಿ ಎಂಟು ದಿನಕ್ಕೆ, ಒಂದು ಮಂಗಳವಾರ ಬೆಳಿಗ್ಗೆ, ಸಾಸಿವೆ ಕೂತಲ್ಲೇ ಒದ್ದೆ ಮಾಡ್ಕೊಂಡ್ಲು. ಬಟ್ಟೆ ಬದಲಾಯಿಸೋಕೆ ಆಯಾ ಒಳಗೆ ಕರ್ಕೊಂಡು ಹೋದವಳು, ಒಂದು ನಿಮಿಷಕ್ಕೆ ಬಾಗಿಲಲ್ಲಿ ನಿಂತು ನನ್ನ ಕರೆದ್ಲು. ಅವಳ ದನಿ ಕೇಳಿ ಕೈಯಲ್ಲಿದ್ದ ಕಾರ್ಡು ಬಿಟ್ಟು ಓಡಿದೆ.

ಮಗೂನ ತೊಡೆಯ ಒಳಭಾಗದಲ್ಲಿ ಇಸ್ತ್ರಿ ಪೆಟ್ಟಿಗೆಯ ಮೂತಿ. ಅಚ್ಚು ಒತ್ತಿದ ಹಾಗೆ ಮೂರು ಕಡೆ. ಒಂದು ಮಾಗಿ ಕಪ್ಪಾಗಿತ್ತು, ಎರಡು ಇನ್ನೂ ಕೆಂಪಗಿದ್ವು. ಬೆನ್ನ ಮೇಲೆ ಸ್ಕೇಲಿನ ಉದ್ದುದ್ದ ಬಾಸುಂಡೆ. ಹೊರಗೆ ಕಾಣೋ ಕಡೆ ಒಂದು ಗೀರೂ ಇಲ್ಲ. ಅಳತೆ ಗೊತ್ತಿದ್ದವಳು ನೋಡಿ.

ನಾನು ಅಲ್ಲೇ ನೆಲದ ಮೇಲೆ ಕೂತೆ. ಆಯಾ ಅಳ್ತಾ ಇದ್ಲು, ನಂಗೆ ಅಳೂನೂ ಬರಲಿಲ್ಲ. ಕಿವೀಲಿ ನನ್ನದೇ ದನಿ ಕೇಳಿಸ್ತಾ ಇತ್ತು. ನಾಲ್ಕು. ಮೂರು. ಎರಡೇ ಎರಡು.

ಆ ದಿನವೇ ಮಕ್ಕಳ ಕಚೇರಿಗೆ ಓಡಿದೆ. ಅವರನ್ನ ದೂರೋಕೆ ನಂಗೆ ಬಾಯಿಲ್ಲ. ಸಂಜೆಯೊಳಗೆ ಬಂದು ಸಾಸಿವೆಯನ್ನ ತಮ್ಮ ವಸತಿಗೆ ಕರ್ಕೊಂಡು ಹೋದ್ರು. ಡಾಕ್ಟರು ನೋಡಿದ್ರು. ಸುಟ್ಟ ಗಾಯ ಹೌದು, ಆದ್ರೆ ತಾನಾಗಿ ಆಗಿದ್ದೋ ಯಾರಾದ್ರೂ ಮಾಡಿದ್ದೋ ಖಂಡಿತ ಹೇಳೋಕಾಗಲ್ಲ ಅಂತ ಬರೆದುಕೊಟ್ರು. ಟೈಲರಮ್ಮ ಕಣ್ಣೀರು ಹಾಕಿದ್ಲು. "ಹೊಲಿಗೆ ಮನೆ ಸ್ವಾಮಿ, ಕಾದ ಇಸ್ತ್ರಿ ಪೆಟ್ಟಿಗೆ ಕೆಳಗೇ ಇರುತ್ತೆ. ಮಗು ಆಡ್ತಾ ಆಡ್ತಾ ಬಿದ್ದುಬಿಡ್ತಾಳೆ. ಎಷ್ಟು ಅಂತ ಕಾಯಲಿ? ಬೆನ್ನಿಗೆ ಹೊಡೆದಿದ್ದು ಹೌದು, ಅದೂ ಆ ಪೆಟ್ಟಿಗೆ ಹತ್ರ ಹೋಗಬೇಡ ಅಂತ." ಅವಳ ಪರವಾಗಿ ಹೇಳೋಕೆ ಅರ್ಧ ಬೀದಿ ಬಂದಿತ್ತು. ಎಲ್ಲರ ಬಟ್ಟೆಯೂ ಅವಳೇ ಹೊಲಿದಿದ್ದು.

ಕೊನೆಗೆ ಎಲ್ಲಾ ಮಗು ಏನು ಹೇಳುತ್ತೆ ಅನ್ನೋದರ ಮೇಲೆ ನಿಂತಿತು. ಮಗು ಬಾಯಿ ಬಿಡಲ್ಲ. ಅಲ್ಲಿನ ಆಪ್ತ ಸಲಹೆಗಾರ್ತಿ ಒಬ್ಬ ಕನ್ನಡಕದ ಹುಡುಗಿ, ನನ್ನ ಮಗಳ ವಯಸ್ಸು. "ಮಾತಾಡದ ಮಕ್ಕಳಿಗೆ ಚಿತ್ರ ಕೊಟ್ಟು ಕೂರಿಸ್ತೀವಿ ಮೇಡಂ. ಹೇಗೆ ಜೋಡಿಸ್ತಾರೆ, ಯಾವುದನ್ನ ಮುಟ್ಟಲ್ಲ, ಯಾವುದನ್ನ ದೂರ ಇಡ್ತಾರೆ, ಅದರಲ್ಲೇ ಗೊತ್ತಾಗುತ್ತೆ. ಒಂದು ಸುಳಿವು ಸಿಕ್ರೂ ಸಾಕು, ಅಪ್ಪ ಬರೋವರೆಗೂ ನಮ್ಮ ಹತ್ರಾನೇ ಇಟ್ಕೋತೀವಿ. ಸಿಗದಿದ್ರೆ ಮಾತ್ರ ಕಳಿಸಲೇಬೇಕಾಗುತ್ತೆ" ಅಂದ್ಲು. ಪರಿಚಯದ ಮುಖ ಒಂದು ಇದ್ರೆ ಮಗು ಹೆದರಲ್ಲ ಅಂತ ಗುರುವಾರ ನನ್ನನ್ನೇ ಕರೆಸಿದ್ಲು.

ಚಿತ್ರ ಅಂದಾಗಲಾದ್ರೂ ನನ್ನ ಬುದ್ಧಿಗೆ ಹೊಳೀಬೇಕಿತ್ತು. ಹೊಳೀಲಿಲ್ಲ. ಒಳ್ಳೇದೇ ಆಯ್ತು, ಚಿತ್ರ ಅಂದ್ರೆ ಅವಳಿಗೆ ಅಭ್ಯಾಸ ಇದೆ ಅಂತ ಸಮಾಧಾನಪಟ್ಟುಕೊಂಡೆ.

ಸಾಸಿವೆ ಕಾರಿಡಾರಿನ ಬೆಂಚಿನ ಮೇಲೆ ಕೂತು ಕಾಲು ಅಲ್ಲಾಡಿಸ್ತಾ ಇದ್ಲು. ಯಾರದ್ದೋ ದೊಡ್ಡ ಅಂಗಿ ಹಾಕಿದ್ರು. ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಮೂಗು ಒರೆಸಿದೆ. ಇಪ್ಪತ್ತಾರು ವರ್ಷದಿಂದ ಹೆದರಿದ ಪ್ರತಿ ಮಗುವಿಗೂ ಏನು ಹೇಳ್ತಾ ಬಂದಿದ್ದೀನೋ ಅದೇ ಬಾಯಿಗೆ ಬಂತು.

"ಹೆದರಬೇಡ ಕಂದ. ಅಕ್ಕ ಚಿತ್ರ ಕೊಡ್ತಾರೆ. ಕ್ಲಾಸಲ್ಲಿ ಮಾಡ್ತೀಯಲ್ಲ, ಹಾಗೇ ಮಾಡು."

ಅವಳು ತಲೆ ಆಡಿಸಿದ್ಲು.

ಬಾಗಿಲಿಗೆ ಒಂದು ಗಾಜಿನ ಕಿಂಡಿ ಇತ್ತು. ನಾನು ಹೊರಗಿಂದ ನೋಡ್ತಾ ನಿಂತೆ. ಚಾಪೆ ಮೇಲೆ ಚಿತ್ರಗಳ ರಾಶಿ. ಅಮ್ಮ, ಅಪ್ಪ, ಮುದುಕಿ, ಹುಲಿ, ನಾಯಿ, ಕಾರು, ಹಾಸಿಗೆ, ಬೆಲ್ಟು, ಇಸ್ತ್ರಿ ಪೆಟ್ಟಿಗೆ, ಕೋಲು, ಲಂಗ, ಬೆಂಕಿಪೊಟ್ಟಣ. ಕನ್ನಡಕದ ಹುಡುಗಿ ಏನೋ ಮೆತ್ತಗೆ ಹೇಳಿದ್ಲು. ಸಾಸಿವೆ ರಾಶಿ ಕಡೆ ಒಂದು ಸಲ ನೋಡಿದ್ಲು, ಆಮೇಲೆ ಶುರು ಮಾಡಿದ್ಲು.

ಜನ ಒಂದು ಸಾಲು. ಪ್ರಾಣಿ ಒಂದು ಸಾಲು. ವಾಹನ ಒಂದು ಸಾಲು. ಬಟ್ಟೆ ಒಂದು ಸಾಲು, ಬೆಲ್ಟೂ ಅದರಲ್ಲೇ. ಮನೆ ಸಾಮಾನು ಒಂದು ಸಾಲು. ಮುಚ್ಚಳ ಇರಲಿಲ್ಲ ಅಲ್ಲಿ, ಆದ್ರೂ ಸಾಲುಗಳು ಗೆರೆ ಎಳೆದ ಹಾಗಿದ್ವು. ಇಸ್ತ್ರಿ ಪೆಟ್ಟಿಗೆ ಹಾಸಿಗೆಯ ಪಕ್ಕ ಕೂತಿತು. ಅದನ್ನ ಇಟ್ಟವಳು ಆ ಕಡೆ ತಿರುಗಿಯೂ ನೋಡದೆ ಮುಂದಿನ ಚಿತ್ರ ಎತ್ತಿಕೊಂಡ್ಲು.

ಹುಡುಗಿ ಎಲ್ಲಾ ಕಲಸಿ, ಅಳೋ ಮುಖದ ಒಂದು ಹಾಳೆ, ನಗೋ ಮುಖದ ಒಂದು ಹಾಳೆ ಇಟ್ಟು ಮತ್ತೆ ಏನೋ ಹೇಳಿದ್ಲು. ಸಾಸಿವೆ ಸ್ವಲ್ಪ ಹೊತ್ತು ಗಲಿಬಿಲಿಯಾದ್ಲು. ಹುಲಿಯನ್ನ ಅಳೋ ಮುಖದ ಮೇಲೆ ಇಟ್ಲು. ಆಮೇಲೆ ನಾಯಿಯನ್ನ ಹುಡುಕಿ ತಂದು ಹುಲಿಯ ಪಕ್ಕದಲ್ಲೇ ಇಟ್ಲು, ಎರಡೂ ಪ್ರಾಣಿಗಳಲ್ಲವಾ. ಮಿಕ್ಕಿದ್ದನ್ನ ಮತ್ತೆ ಸಾಲು ಹಿಡಿದು ಜೋಡಿಸಿದ್ಲು. ನಾನು ಕಿಂಡಿಗೆ ಹಣೆ ಒತ್ತಿಕೊಂಡು ಒಳಗೊಳಗೇ ಕೂಗ್ತಾ ಇದ್ದೆ. ಅದಲ್ಲ ಕಣೇ, ಮೊದಲು ಮಾಡ್ತಿದ್ದೆಯಲ್ಲ, ಹಾಗೆ ಮಾಡು, ನಿನ್ನ ದಮ್ಮಯ್ಯ.

ಹುಡುಗಿ ಹೊರಗೆ ಬಂದಾಗ ನಾನು ಅವಳ ಕೈ ಹಿಡ್ಕೊಂಡೆ. ಮೊದಲ ದಿನ ನಡೆದಿದ್ದೆಲ್ಲ ಹೇಳಿದೆ. ಆ ನಾಲ್ಕು ಕಾರ್ಡು, ಉರಿ ಅಂದಿದ್ದು, ನಾನು ನಕ್ಕಿದ್ದು.

"ಬರೆದಿಟ್ಟಿದ್ದೀರಾ ಮೇಡಂ?"

"ಇಲ್ಲ."

ಅವಳು ಕಚೇರಿಗೆ ತರಿಸಿಕೊಂಡಿದ್ದ ನನ್ನ ರಿಜಿಸ್ಟರು ತೆಗೆದು ನನ್ನ ಮುಂದೆಯೇ ಓದಿದ್ಲು. ವಿಂಗಡಣೆ ಪೂರ್ತಿ ಬರುತ್ತದೆ. ಮನೆಯವರ ಸಹಕಾರ ಚೆನ್ನಾಗಿದೆ. ಮಗು ಸಂತೋಷವಾಗಿದೆ. ಕೆಳಗೆ ನನ್ನ ಸಹಿ.

"ಇನ್ನೊಂದು ಸಲ ಮಾಡಿಸಮ್ಮ. ನಾನು ಅವಳಿಗೆ ಹೇಳ್ತೀನಿ, ನಿಂಗೆ ಅನ್ನಿಸಿದ ಹಾಗೆ ಇಡು ಅಂತ ಹೇಳ್ತೀನಿ" ಅಂದೆ. ಗೋಗರೆದೆ. ನನ್ನ ಜನ್ಮದಲ್ಲಿ ಯಾರ ಮುಂದೆಯೂ ಹಾಗೆ ಅಂಗಲಾಚಿದವಳಲ್ಲ.

"ನೀವು ಹೇಳಿಕೊಟ್ಟ ಮೇಲೆ ಅವಳು ಬೇರೆ ಥರ ಇಟ್ರೆ ಅದನ್ನ ಯಾರು ಒಪ್ತಾರೆ ಮೇಡಂ? ನೀವು ಕಲಿಸಿದ್ದನ್ನ ಇಷ್ಟು ಚೆನ್ನಾಗಿ ಕಲಿಯೋ ಮಗು ಅದು" ಅಂದ್ಲು. ಅವಳ ಕಣ್ಣಲ್ಲೂ ನೀರಿತ್ತು. ಮಗೂನ ಅತ್ತೆ ಜೊತೆ ಕಳಿಸ್ತೀವಿ, ತಿಂಗಳಿಗೊಮ್ಮೆ ಮನೆಗೆ ಹೋಗಿ ನೋಡ್ತೀವಿ ಅಂತ ಕಾಗದದಲ್ಲಿ ಬರೆದ್ರು. ತಿಂಗಳಿಗೊಮ್ಮೆಯಂತೆ!

ಸಾಸಿವೆ ಹೊರಗೆ ಬಂದು ನನ್ನ ಬೆರಳು ಹಿಡಿದು ಕೆಳಗೆ ಜಗ್ಗಿದ್ಲು. ಬಗ್ಗಿದೆ. ಅವಳು ನನ್ನ ಕಿವಿಗೆ ಬಾಯಿ ತಂದ್ಲು.

"ಟೀಚರ್, ಒಂದೂ ತಪ್ಪು ಮಾಡಿಲ್ಲ."

ಅಷ್ಟು ದಿನದಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಮಾತು ಅದು.

"ಹೌದು ಕಂದ" ಅಂದೆ.

"ಅತ್ತೆಗೆ ಹೇಳ್ತೀರಾ?"

ಕಾರಿಡಾರಿನ ಆ ತುದೀಲಿ ಟೈಲರಮ್ಮ ಚೀಲ ಹಿಡ್ಕೊಂಡು ನಿಂತಿದ್ಲು. ಕತ್ತು ಹಿಸುಕಿ ಸಾಯಿಸಿಬಿಡಬೇಕು ಅನ್ನಿಸ್ತು, ಸುಳ್ಳು ಯಾಕೆ ಹೇಳಲಿ. ಅವಳು ನಿಧಾನಕ್ಕೆ ನಡೆದು ಬಂದು, ದಿನಾ ಸಂಜೆ ಮೆಟ್ಟಿಲ ಹತ್ರ ಕೇಳೋ ಹಾಗೆಯೇ ಕೇಳಿದ್ಲು.

"ಏನಂತೆ ಟೀಚರ್? ಎಷ್ಟು ತಪ್ಪು ಮಾಡಿದ್ಲು?"

ಸಾಸಿವೆ ತಲೆ ಎತ್ತಿ ನನ್ನ ಬಾಯನ್ನೇ ನೋಡ್ತಾ ಇದ್ಲು. ಬೈಗುಳ ನಾಲಿಗೆ ತುದಿಗೆ ಬಂದಿತ್ತು. ಆದ್ರೆ ನಾನು ಏನು ಬೈದ್ರೂ, ಏನು ಕೂಗಾಡಿದ್ರೂ, ಇವತ್ತು ಮನೆಗೆ ಹೋದ ಮೇಲೆ ಅದಕ್ಕೆ ಲೆಕ್ಕ ಕೊಡಬೇಕಾದದ್ದು ಆ ಮಗು.

"ಒಂದೂ ತಪ್ಪು ಮಾಡಿಲ್ಲ ಅಮ್ಮ. ಎಲ್ಲಾ ಸರಿಯಾಗಿ ಮಾಡಿದ್ಲು" ಅಂದೆ.

"ಎಲ್ಲಾ ನಿಮ್ಮ ದಯೆ ಟೀಚರ್" ಅಂತ ಟೈಲರಮ್ಮ ಕೈ ಮುಂದೆ ಚಾಚಿದ್ಲು. ಸಾಸಿವೆ ನನ್ನ ಬೆರಳು ಬಿಟ್ಟು, ತಾನಾಗಿಯೇ ಹೋಗಿ ಅವಳ ಪಕ್ಕ ನಿಂತ್ಲು.